ಶಿಶುವರ್ಗದ ಘೋಷಪಾಠ

ಮಕ್ಕಳ ಗದ್ದಲವನ್ನು ಅಡಗಿಸುವ ವಿದ್ಯೆಯು ಉಳಿದೆಲ್ಲ ವಿದ್ಯೆಗಳಿಗಿಂತ ಮೊದಲು ಹುಟ್ಟಿರಬೇಕೆಂದು ಮಾಸ್ತರಿಕೆಯಲ್ಲಿದ್ದಾಗ ನಾನು ಎಷ್ಟೋ ಸಲ ಅಂದುಕೊಂಡದ್ದುಂಟು. ಮಕ್ಕಳು ಸುಮ್ಮನಾಗದ ಹೊರತು ಗುರುವು ಬಾಯಿ ತೆರೆಯುವಂತಿಲ್ಲ. ಗುರುವು ಬಾಯಿ ತೆರೆಯದ ಹೊರತು ಪಾಠವು ಮುಂದೆ ಸಾಗುವಂತಿಲ್ಲ. ಅಲ್ಪವಾಗಿ ತೋರುವ ಈ ಸಂಗತಿಗೂ ಒಂದು ದೀರ್ಘವಾದ ಇತಿಹಾಸವಿರುವದು. ಅದನ್ನು ಯಥಾಮತಿಯಾಗಿ ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಕಳೆದ ಆಷಾಢಮಾಸದಲ್ಲಿ ಒಂದು ದಿನ, ಇಂಡಿ ತಾಲೂಕಿನ ತಾಂಬಾ ಗ್ರಾಮದ ಒಂದು ಇಂಗ್ಲಿಷ್ ಶಿಶುವರ್ಗದ ಬಾಗಿಲಲ್ಲಿ ಅರ್ಧ ತಾಸು ನಿಲ್ಲುವ ಪ್ರಸಂಗವು ನನಗೆ ಒದಗಿತು. ಒಳಗೆ ನಾಲ್ಕೈದು ವರ್ಷದ ನಲವತ್ತು ಕೂಸುಗಳು. ಒಂದು ಅಳುತ್ತಿತ್ತು, ಒಂದು ಪಕ್ಕದವನ ಬುತ್ತಿಯ ಡಬ್ಬಿಯನ್ನು ತೆರೆಯುತ್ತಿತ್ತು, ಹತ್ತೆಂಟು ಕೂಸುಗಳು ಒಮ್ಮೆಲೇ ಮಾತಾಡುತ್ತಿದ್ದವು. ಕಲಿಸುವವಳು ಇಪ್ಪತ್ತುಮೂರು ಇಪ್ಪತ್ತುನಾಲ್ಕರ ತರುಣಿ. ಆಕೆ ಗದರಿಸಲಿಲ್ಲ, ಕೋಲೆತ್ತಲಿಲ್ಲ. ಎರಡು ಸಲ ಚಪ್ಪಾಳೆ ತಟ್ಟಿ ಒಂದು ಇಂಗ್ಲಿಷ್ ಪ್ರಾಸದ ಮೊದಲರ್ಧವನ್ನು ರಾಗವಾಗಿ ಹೇಳಿದಳು. ಉಳಿದರ್ಧವನ್ನು ಕೆಲವು ಕಂಠಗಳು ಹೇಳಿದವು. ಎರಡನೆಯ ಸಲಕ್ಕೆ ಎಲ್ಲರೂ ಕೂಡಿದರು. ಮೂರನೆಯ ಸಲಕ್ಕೆ ನಲವತ್ತು ಬೆರಳುಗಳು ನಲವತ್ತು ತುಟಿಗಳ ಮೇಲಿದ್ದವು. ಆ ಬಳಿಕ ಆಕೆ ಮಳೆಯನ್ನು ಕುರಿತ ಇಂಗ್ಲಿಷ್ ಪದ್ಯವೊಂದನ್ನು ಹಾಡಿಸಿದಳು. ಮಳೆಯೇ, ನೀನು ಈಗ ಹೋಗು ಎಂಬುದು ಅದರ ತಾತ್ಪರ್ಯವು.

ನನ್ನ ಪಕ್ಕದಲ್ಲಿ ಒಬ್ಬ ರೈತನು ಮೊಮ್ಮಗಳನ್ನು ಕರೆದೊಯ್ಯಲು ಬಂದು ನಿಂತಿದ್ದನು. ಹಿಂದೆ ಅವನು ನನ್ನ ವಿದ್ಯಾರ್ಥಿಯಾಗಿದ್ದವನು. ಆ ವರ್ಷ ಮೃಗಶಿರಾ ಮಳೆಯು ಕೈಕೊಟ್ಟಿದ್ದಿತು; ಆರ್ದ್ರಾದ ಮೇಲೆ ಎಲ್ಲರ ಕಣ್ಣಿದ್ದಿತು. ಅವನು ಮೆಲ್ಲಗೆ ಕೇಳಿದನು: “ಮಾಸ್ತರ್, ನಮ್ಮ ಹುಡಿಗಿ ಚಲೋ ಹಾಡತಾಳ್ರಿ. ಆದ್ರ ಏನ ಹಾಡಾಕತ್ತೀನಿ ಅನ್ನೂದು ಅಕೀಗೆ ತಿಳದದೇನ್ರಿ?”

“ಸಣ್ಣಾಕಿ ಇನ್ನೂ. ಮುಂದ ತಿಳೀತದಪಾ,” ಎಂದೆನು.

“ನನಗ ತಿಳೀಲಿಲ್ಲಲ್ರಿ,” ಎಂದನು ಅವನು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೂ ಅದು ನನ್ನನ್ನು ಚುಚ್ಚಿತು. ಏಕೆಂಬುದನ್ನು ಮುಂದೆ ಹೇಳುವೆನು. ಅದಕ್ಕಿಂತ ಮೊದಲು ಆ ಸಂಜೆ ಗುಡಿಯ ಕಟ್ಟೆಯ ಮೇಲೆ ನಡೆದ ಚರ್ಚೆಯನ್ನು ಹೇಳಬೇಕು. ಕೂಸುಗಳನ್ನು ಹಾಡಿನಿಂದ ಆಳುವ ಈ ಜಾಣ್ಮೆಯು ಇಂಗ್ಲಿಷರಿಂದ ಬಂದ ಹೊಸ ವಿದ್ಯೆಯೆಂದು ಒಬ್ಬರು ಹೊಗಳಿದರು. ಇದು ಬರಿಯ ಪರದೇಶದ ಗಿಳಿಪಾಠವೆಂದೂ, ನಮ್ಮ ಹಿರಿಯರ ಕಲಿಕೆಯಲ್ಲಿ ಇಂತಹುದು ಇರಲಿಲ್ಲವೆಂದೂ ಇನ್ನೊಬ್ಬರು ಹಳಿದರು. ಇಬ್ಬರ ಮಾತೂ ಇತಿಹಾಸಕ್ಕೆ ಹೊಂದುವದಿಲ್ಲ.

ಮೊದಲು ನಮ್ಮ ಪ್ರಾಚೀನ ಪಾಠಕ್ರಮವನ್ನು ನೋಡೋಣ. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನನಗೆ ಘೋಷವೆಂದರೆ ತಾಯಿಯ ಜೋಗುಳದಷ್ಟೇ ಪರಿಚಿತವು. ವೇದದ ಸಂಹಿತೆಯನ್ನು ಮೊದಲು ಇಡಿಯಾಗಿ, ಬಳಿಕ ಪದ ಪದವಾಗಿ, ಆ ಮೇಲೆ ಕ್ರಮ, ಜಟೆ, ಘನಗಳೆಂಬ ರೀತಿಗಳಿಂದ ಹೇಳುವ ಪದ್ಧತಿಯುಂಟು. ಜಟೆಯಲ್ಲಿ ಒಂದನೆಯ ಮತ್ತು ಎರಡನೆಯ ಪದಗಳನ್ನು ಮುಂದಾಗಿ, ಹಿಂದಾಗಿ, ಮರಳಿ ಮುಂದಾಗಿ ಹೇಳಬೇಕು. ಹೀಗೆ ತಿರುವಿ ಹೇಳುವವನಿಗೆ ರಾಗದ ರಭಸವೊಂದೇ ಸಾಲದು; ಒಂದೊಂದು ಪದವೂ ಬಿಡಿಬಿಡಿಯಾಗಿ ಅವನ ವಶದಲ್ಲಿರಬೇಕಾಗುವದು. ಅಮರಕೋಶವು ಶ್ಲೋಕಗಳಲ್ಲಿರುವದೂ, ಭಾಸ್ಕರಾಚಾರ್ಯನು 1150ರ ಸುಮಾರಿಗೆ ಲೀಲಾವತಿಯ ಗಣಿತವನ್ನು ಪದ್ಯವಾಗಿಸಿದುದೂ, ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಪದ್ಯರೂಪವಾಗಿ ರಚಿಸಿದುದೂ ಇದೇ ಕಾರಣದಿಂದ. ನಾಲಗೆಯು ಹಿಡಿದುದನ್ನು ಮರೆವು ಬೇಗ ಕಸಿಯಲಾರದೆಂಬುದನ್ನು ಅವರು ಬಲ್ಲವರಾಗಿದ್ದರು.

ಆದರೆ ಅದೇ ಹಿರಿಯರು ಘೋಷದ ದೋಷವನ್ನೂ ಬಲ್ಲವರಾಗಿದ್ದರು. ಪಾಣಿನೀಯ ಶಿಕ್ಷೆಯು ಅಧಮ ಪಾಠಕರನ್ನು ಆರು ಬಗೆಯಾಗಿ ಎಣಿಸುವದು: ಹಾಡಿನಂತೆ ಎಳೆಯುವವನು, ಅವಸರದಿಂದ ಓದುವವನು, ತಲೆಯಾಡಿಸುವವನು, ಬರೆದುದನ್ನು ನೋಡಿ ಓದುವವನು, ಅರ್ಥವನ್ನರಿಯದವನು, ಕ್ಷೀಣಕಂಠನು. ಉತ್ತಮ ಪಾಠಕನ ಗುಣಗಳಲ್ಲಿ ಮಾಧುರ್ಯ, ಅಕ್ಷರಸ್ಪಷ್ಟತೆ, ಪದಚ್ಛೇದ, ಲಯಗಳೂ ಸೇರಿವೆ. ನಿರುಕ್ತಕಾರನಾದ ಯಾಸ್ಕನಂತೂ ಅರ್ಥವರಿಯದೆ ವೇದವನ್ನು ಹೊತ್ತವನನ್ನು ಭಾರ ಹೊತ್ತ ಕಂಬಕ್ಕೆ ಹೋಲಿಸುವ ವಚನವನ್ನು ಎತ್ತಿ ಹೇಳಿದ್ದಾನೆ. ಲಯವು ಬೇಕು, ಅರ್ಥವೂ ಬೇಕು ಎಂಬ ಈ ನಿರ್ಣಯವು ನಮ್ಮಲ್ಲಿ ಬಹು ಹಳೆಯದು.

ನಮ್ಮ ಸೀಮೆಗೂ ವಿದ್ಯೆಗೂ ಇರುವ ನಂಟು ಸಾಮಾನ್ಯವಾದುದಲ್ಲ. ತಾಂಬಾ ಇರುವ ಇಂಡಿ ತಾಲೂಕಿನಲ್ಲಿಯೇ ಸಾಲೋಟಗಿಯೆಂಬ ಊರುಂಟು. ಅಲ್ಲಿಯ 945ರ ಶಾಸನದಂತೆ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಇರುವದಕ್ಕಾಗಿ ಇಪ್ಪತ್ತೇಳು ಮನೆಗಳಿದ್ದವು. ಇರುಳು ದೀಪ ಉರಿಸುವದಕ್ಕೆಂದು ಬೇರೆ ಭೂಮಿಯನ್ನೇ ಬಿಟ್ಟಿದ್ದಿತು. ಮದುವೆ, ಮುಂಜಿ, ಚೌಲಗಳು ನಡೆದಾಗ ಮನೆಮನೆಯವರು ಶಾಲೆಗೆ ಕಾಣಿಕೆ ಸಲ್ಲಿಸಬೇಕೆಂದೂ ಗೊತ್ತುಪಡಿಸಲಾಗಿದ್ದಿತು. ಮನೆಯ ಶುಭಕಾರ್ಯದಲ್ಲಿ ಶಾಲೆಯ ಪಾಲನ್ನು ತೆಗೆದಿರಿಸುವ ಜನರು, ಮಕ್ಕಳು ಅಲ್ಲಿ ಏನು ಕಲಿಯುವರೆಂದು ಕೇಳುವ ಅಧಿಕಾರವುಳ್ಳವರೂ ಆಗುವರು. ಬಾಗಿಲಲ್ಲಿ ನಿಂತು ನನ್ನನ್ನು ಪ್ರಶ್ನಿಸಿದ ಆ ರೈತನಿಗೂ ಅದೇ ಅಧಿಕಾರವಿರುವದು.

ಇನ್ನು ಸಾಮಾನ್ಯ ಜನರ ಗಾಂವಠಿ ಶಾಲೆಗಳ ವಿಷಯ. ಇವುಗಳ ಒಳ್ಳೆಯ ವರ್ಣನೆಯು ನಮ್ಮ ನೆರೆಯ ಬಳ್ಳಾರಿ ಸೀಮೆಯಿಂದ ದೊರೆಯುವದು. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋನು 1822ರಲ್ಲಿ ದೇಶೀಯ ಶಾಲೆಗಳ ವಿಚಾರಣೆಗೆ ಅಪ್ಪಣೆ ಮಾಡಲು, ಬಳ್ಳಾರಿಯ ಕಲೆಕ್ಟರನಾದ ಕ್ಯಾಂಪ್‌ಬೆಲ್ಲನು 1823ರ ಆಗಸ್ಟಿನಲ್ಲಿ ವರದಿಯನ್ನು ಕಳಿಸಿದನು. ಅವನ ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಆ ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಇಂಗ್ಲಿಷ್ ಶಾಲೆಯು ಒಂದೇ ಒಂದು. ಶಾಲೆಯು ಬೆಳಗಿನ ಆರು ಗಂಟೆಗೆ ಆರಂಭವಾಗುತ್ತಿದ್ದಿತು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವದು. ಮಕ್ಕಳು ಉಸುಕಿನಲ್ಲಿ ಬೆರಳಾಡಿಸಿ ಅಕ್ಷರ ಕಲಿತು, ಬಳಿಕ ಹಲಗೆಗೂ ಕಡತಕ್ಕೂ ಏರುವರು. ದಿನಕ್ಕೆರಡು ಸಲ ಎಲ್ಲರೂ ಸಾಲಾಗಿ ಎದ್ದು ನಿಂತು, ಹಿರಿಯ ಹುಡುಗನೊಬ್ಬನು ಹೇಳಿದಂತೆ ಮಗ್ಗಿಗಳನ್ನೂ, ಕಾಲು ಅರೆ ಮುಕ್ಕಾಲುಗಳ ಲೆಕ್ಕವನ್ನೂ, ಅಳತೆ ತೂಕಗಳ ಕೋಷ್ಟಕವನ್ನೂ ಒಕ್ಕೊರಲಿನಿಂದ ಹೇಳುವರು.

ಸಂಜೆಯ ಆ ಸಾಮೂಹಿಕ ಮಗ್ಗಿಯು ನಮ್ಮ ವಿಜಯಪುರ ಸೀಮೆಯ ಶಾಲೆಗಳಲ್ಲಿಯೂ ಬಹುಕಾಲ ಉಳಿದಿದ್ದಿತು. ಸವಾಯಿ ದೀಡಕಿಗಳನ್ನು ಹೇಳಿ ಮನೆಗೆ ಓಡಿದ ನೆನಪುಳ್ಳ ವೃದ್ಧರು ಇಂದಿಗೂ ಅಲ್ಲಲ್ಲಿ ಇದ್ದಾರೆ. ನೂರು ಹುಡುಗರನ್ನು ಒಬ್ಬನೇ ಗುರುವು ಆಳಲು ಸಾಧ್ಯವಾದುದು ಈ ಘೋಷದಿಂದಲೂ ಹಿರಿಯ ಹುಡುಗರ ನೆರವಿನಿಂದಲೂ. ಹಿರಿಯರಿಂದ ಕಿರಿಯರಿಗೆ ಕಲಿಸುವ ಈ ಮಿತವ್ಯಯದ ಕ್ರಮವನ್ನು ಕ್ಯಾಂಪ್‌ಬೆಲ್ಲನು ಮನಸಾರೆ ಮೆಚ್ಚಿದನು. ಆದರೆ ಹುಡುಗರು ರಾಶಿರಾಶಿ ಪದ್ಯಗಳನ್ನು ಒಪ್ಪಿಸಬಲ್ಲರು, ಅವುಗಳ ಅರ್ಥವು ಮಾತ್ರ ಗಿಳಿಗೆ ತಿಳಿದಷ್ಟೇ ಅವರಿಗೆ ತಿಳಿದಿರುವದೆಂಬ ಆಕ್ಷೇಪವನ್ನೂ ಅದೇ ವರದಿಯಲ್ಲಿ ಬರೆದನು. ಯಾಸ್ಕನ ಕಂಬವೂ ಕಲೆಕ್ಟರನ ಗಿಳಿಯೂ ಒಂದೇ ಮಾತನ್ನು ಹೇಳುತ್ತಿರುವವು.

ಇಲ್ಲಿಂದ ಈ ಕ್ರಮವು ಸಮುದ್ರವನ್ನು ದಾಟಿದ ಕಥೆಯು ಸ್ವಾರಸ್ಯವಾಗಿದೆ. ಆಂಡ್ರೂ ಬೆಲ್ ಎಂಬ ಪಾದ್ರಿಯು 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾದನು. ಒಂದು ದೇಶೀಯ ಶಾಲೆಯ ಮಕ್ಕಳು ಉಸುಕಿನಲ್ಲಿ ಬರೆಯುವದನ್ನು ಕಂಡು ತನ್ನ ಶಾಲೆಯಲ್ಲಿ ಅದನ್ನು ಆಚರಣೆಗೆ ತಂದನು. ಎಂಟು ವರ್ಷದ ಬಾಲಕನೊಬ್ಬನಿಗೆ ಕೆಳಗಿನ ವರ್ಗವನ್ನೇ ಒಪ್ಪಿಸಿದನು. ಈ ಪ್ರಯೋಗದ ವೃತ್ತಾಂತವನ್ನು 1797ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದನು. ಮುಂದೆ ಅದೇ ಮದರಾಸು ಪದ್ಧತಿಯೆಂಬ ಹೆಸರಿನಿಂದ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿತು. ನಮ್ಮ ಜಗಲಿಯ ಶಾಲೆಯೂ ಹೀಗೆ ಇಂಗ್ಲಿಷರಿಗೆ ಒಂದಿಷ್ಟು ಕಡ ಕೊಟ್ಟಿದೆ.

ಅಲ್ಲಿಯವರು ಅದಕ್ಕೆ ತಮ್ಮದೊಂದನ್ನು ಕೂಡಿಸಿದರು. 1820ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಎಂಬ ಬಡವರ ಕೇರಿಯಲ್ಲಿ ಸ್ಯಾಮ್ಯುಯೆಲ್ ವಿಲ್ಡರ್ಸ್ಪಿನ್ ಎಂಬವನು ಶಿಶುಶಾಲೆಯೊಂದನ್ನು ವಹಿಸಿಕೊಂಡನು. ಮೊದಲ ದಿನ ತಾಯಂದಿರು ಬಿಟ್ಟುಹೋದೊಡನೆ ಕೂಸುಗಳೆಲ್ಲ ಅಳಲಾರಂಭಿಸಿದವು. ಅವನ ಹೆಂಡತಿಯು ಬೇಸತ್ತು ಹೊರಟುಹೋದಳು. ದಿಕ್ಕುಗಾಣದ ಆತನು ಆಕೆಯ ಬಣ್ಣದ ಪಟ್ಟಿಯ ಟೊಪ್ಪಿಗೆಯನ್ನು ಬಟ್ಟೆ ಒಣಹಾಕುವ ಗಳುವಿನ ತುದಿಗೆ ಸಿಕ್ಕಿಸಿ ಎತ್ತಿ ಹಿಡಿದನು. ಕೂಸುಗಳು ಗಪ್ಪನೆ ಸುಮ್ಮನಾದವು. ಆ ಮೌನವು ಮುಗಿಯುವದರೊಳಗೆ, ನಾನು ದೊಡ್ಡ ಬಾತುಕೋಳಿ, ನೀವೆಲ್ಲ ಮರಿಗಳು ಎಂದು ಬಾತುಗಳಂತೆ ಕೂಗಿಸುತ್ತ ಆಟಕ್ಕೆ ಹಚ್ಚಿದನು. ಮಕ್ಕಳ ಕಣ್ಣು, ಕಿವಿ, ಕೈಕಾಲುಗಳಿಗೆ ಕೆಲಸ ಕೊಡದೆ ಬುದ್ಧಿಗೆ ಕೆಲಸ ಕೊಡಲಾಗದೆಂದು ಆ ದಿನ ತಾನು ಕಲಿತೆನೆಂದು ಅವನೇ ಬರೆದಿದ್ದಾನೆ. ಚಪ್ಪಾಳೆಯ ತಾಳಕ್ಕೆ ಲೆಕ್ಕ ಹೇಳಿಸುವದೂ ಅಭಿನಯದೊಡನೆ ಪದ್ಯ ಹಾಡಿಸುವದೂ ಅಂತಹ ಶಾಲೆಗಳಲ್ಲಿ ನೆಲೆಗೊಂಡವು. ಜರ್ಮನ್ ದೇಶದ ಫ್ರೋಬೆಲನು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಶಿಶುಗಳ ಸಂಸ್ಥೆಯನ್ನು ತೆಗೆದು, 1840ರಲ್ಲಿ ಅದನ್ನು ಮಕ್ಕಳ ತೋಟವೆಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿನಿಂದ ಕರೆದನು. 1844ರಲ್ಲಿ ತಾಯಂದಿರಿಗಾಗಿ ಬೆರಳಾಟದ ಹಾಡುಗಳ ಪುಸ್ತಕವನ್ನೇ ಪ್ರಕಟಿಸಿದನು.

ಇಂದು ತಾಂಬಾದ ಕೂಸುಗಳು ಹಾಡುವ ನಕ್ಷತ್ರದ ಇಂಗ್ಲಿಷ್ ಪದ್ಯವು ಜೇನ್ ಟೇಲರ್ ಎಂಬ ಕವಯಿತ್ರಿಯದು. ಅದು 1806ರಲ್ಲಿ ಪ್ರಕಟವಾದುದು. ಅದರ ಧಾಟಿಯು ಅದಕ್ಕೂ ಹಳೆಯದಾದ ಫ್ರೆಂಚ್ ಹಾಡಿನದು. ಅದೇ ಧಾಟಿಗೆ ಇಂಗ್ಲಿಷ್ ಅಕ್ಷರಮಾಲೆಯನ್ನು ಹೊಂದಿಸಿ 1835ರಲ್ಲಿ ಅಮೇರಿಕದ ಬಾಸ್ಟನ್ನಿನಲ್ಲಿ ಅಚ್ಚು ಹಾಕಿದರು. ಒಂದು ದೇಶದ ರಾಗ, ಇನ್ನೊಂದು ದೇಶದ ಮಾತು, ಮೂರನೆಯ ದೇಶದ ಅಚ್ಚು, ನಮ್ಮ ಕೂಸುಗಳ ಬಾಯಿ! ವಿದ್ಯೆಗೆ ಗಡಿಯಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕನ್ನಡವೂ ಈ ಕಾರ್ಯದಲ್ಲಿ ಹಿಂದುಳಿಯಲಿಲ್ಲ. ಶಿಕ್ಷಕರಾಗಿಯೂ ಶಾಲಾ ಇನ್ಸ್ಪೆಕ್ಟರರಾಗಿಯೂ ಇದ್ದ ಪಂಜೆ ಮಂಗೇಶರಾಯರು (1874-1937) ಎಳೆಯರ ನಾಲಗೆಗೆ ಒಗ್ಗುವ ಪದ್ಯಗಳನ್ನು ರಚಿಸಿದರು, ಜಿ. ಪಿ. ರಾಜರತ್ನಂ ಅವರು ಆ ದಾರಿಯನ್ನು ಅಗಲ ಮಾಡಿದರು. ನಮ್ಮ ಸೀಮೆಯ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಕೂಡಿಸಿ 1931ರಲ್ಲಿ “ಗರತಿಯ ಹಾಡು” ಎಂಬ ಸಂಗ್ರಹವನ್ನು ಹೊರತಂದರು. ಅವರಲ್ಲಿ ಒಬ್ಬರಾದ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯು ಹಾಡು ಆಟಗಳನ್ನು ಸರಕಾರಿ ಶಾಲೆಯ ಒಳಕ್ಕೆ ತಂದಿತು. 2007-08ರಿಂದ ಒಂದನೆಯ ಇಯತ್ತೆಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಯಿತು. 2019-20ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವರ್ಗಗಳು ತೆರೆದವು. ಮನೆಯಲ್ಲಿ ಒಂದು ಇಂಗ್ಲಿಷ್ ಮಾತನ್ನೂ ಕೇಳದ ಕೂಸು ಇಂಗ್ಲಿಷ್ ವರ್ಗದಲ್ಲಿ ಕೂಡ್ರುವ ಕಾಲವಿದು. ಆದುದರಿಂದ ಹಳೆಯ ಪ್ರಶ್ನೆಯು ಮೊದಲಿಗಿಂತ ಹರಿತವಾಗಿದೆ. ಮಗ್ಗಿಯಾದರೂ ಮನೆಯ ಭಾಷೆಯಲ್ಲಿದ್ದಿತು. ಈ ಘೋಷದಲ್ಲಿ ಪದವೂ ಹೊಸದು, ಅರ್ಥವೂ ಹೊಸದು.

ಈಗ ನನ್ನ ತಪ್ಪನ್ನು ಹೇಳಿಬಿಡುವೆನು. ಸುಮಾರು ನಲವತ್ತು ವರ್ಷಗಳ ಹಿಂದೆ, ನಾನು ಹೊಸದಾಗಿ ಮಾಸ್ತರನಾಗಿದ್ದಾಗ, ನನ್ನ ವರ್ಗದ ಸಂಜೆಯ ಮಗ್ಗಿಯು ಊರಿನ ಅಗಸಿಯವರೆಗೆ ಕೇಳುತ್ತಿದ್ದಿತು. ತಪಾಸಣೆಗೆ ಬಂದವರು ಶಿಸ್ತನ್ನು ಮೆಚ್ಚಿ ಬರೆದುಹೋದರು. ನಾನು ಹಿಗ್ಗಿದೆನು. ಮುಂದೆ ನಿಂತು ಹೇಳಿಸುವ ಹುಡುಗನು ಕಂಚಿನ ಕಂಠದವನು. ಮೂವತ್ತರವರೆಗಿನ ಮಗ್ಗಿಯು ಅವನಿಗೆ ನೀರು ಕುಡಿದಂತೆ. ಒಂದು ಸಂಜೆ ಅವನ ತಂದೆಯು ಅಡತಿಯ ಅಂಗಡಿಯ ಚೀಟಿಯನ್ನು ಹಿಡಿದು ಶಾಲೆಗೆ ಬಂದನು. ಹದಿಮೂರು ಚೀಲ ಜೋಳ ಮಾರಿದ್ದನು. ಚೀಲಕ್ಕೆ ಮೂರು ರೂಪಾಯಿಯಂತೆ ಹಮಾಲಿಯೆಂದು ಮುರಿದುಕೊಂಡಿದ್ದರು. ಒಟ್ಟು ಎಷ್ಟಾಯಿತೆಂದು ಮಗನನ್ನೇ ಕೇಳಿದನು. ಹುಡುಗನು ಕೈಕಟ್ಟಿ ನಿಂತು ಹದಿಮೂರರ ಮಗ್ಗಿಯನ್ನು ನೂರಾಮೂವತ್ತರವರೆಗೆ ತಪ್ಪಿಲ್ಲದೆ ಹೇಳಿದನು. ಮೂರರಲ್ಲಿ ನಿಲ್ಲಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ತಂದೆಯು ಇನ್ನೊಮ್ಮೆ ಕೇಳಿದನು. ಹುಡುಗನು ಇನ್ನೊಮ್ಮೆ ಮೊದಲಿನಿಂದ ಕೊನೆಯವರೆಗೆ ಹೇಳಿದನು. ಆಗ ಆ ತಂದೆಯು ನನ್ನ ಕಡೆ ತಿರುಗಿ, “ಹಾಡೂದಾದ್ರ ಎತ್ತಿನ ಹಿಂದನೂ ಹಾಡಬಹುದಲ್ರಿ ಮಾಸ್ತರ್,” ಎಂದನು. ಮರುದಿನದಿಂದ ಹುಡುಗನು ಶಾಲೆಗೆ ಬರಲಿಲ್ಲ. ನಾನು ಎರಡು ಸಲ ಅವನ ಮನೆಗೆ ಹೋದೆನು. ಅವನು ಎರಡು ಸಲವೂ ಹೊಲದಲ್ಲಿದ್ದನು. ಮೂರನೆಯ ಸಲ ಹೋಗಲಿಲ್ಲ. ಆ ಹುಡುಗನೇ ಮೊನ್ನೆ ಬಾಗಿಲಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ಅಜ್ಜನು.

ಈ ಕಾರಣದಿಂದಲೇ ವರ್ಗವು ಬಿಟ್ಟ ಬಳಿಕ ಆ ತರುಣ ಶಿಕ್ಷಕಿಯನ್ನು ಕಂಡು ಮಾತನಾಡಿದೆನು. ಆಕೆ ನಯವಾಗಿಯೇ ಮರುನುಡಿದಳು: “ಸರ್, ನಲವತ್ತು ಮಕ್ಕಳದಾವ್ರಿ. ಮೊದಲ ಸುಮ್ಮಾದ್ರಲ್ಲೇನ್ರಿ ಅರ್ಥ?” ಆ ಮಾತು ನಿಜವೇ. ಘೋಷವಿಲ್ಲದಿದ್ದರೆ ಆಕೆಯ ಕೈಗೆ ಕೋಲು ಬಂದೀತು. ಅಂಗೈಯ ಏಟುಗಳನ್ನು ಎಣಿಸಿದ ಕಾಲಕ್ಕೆ ಮರಳಬೇಕೆಂದು ಯಾರೂ ಹೇಳಲಾರರು. ನಾನು ಆಕೆಗೆ ಜಟಾಪಾಠದ ಕ್ರಮವನ್ನು ತಿಳಿಸಿ, ಹಾಡನ್ನು ನಡುವೆ ಮುರಿಯಬೇಕು, ತಿರುವಬೇಕು, ಒಂಟಿಯಾಗಿ ಒಬ್ಬೊಬ್ಬರನ್ನು ಕೇಳಬೇಕು, ಅರ್ಥವನ್ನು ಒಮ್ಮೆಯಾದರೂ ಮನೆಯ ಮಾತಿನಲ್ಲಿ ಹೇಳಬೇಕು ಎಂದೆನು. ಅಜ್ಜನು ಮಳೆಯ ಪದ್ಯದ ಅರ್ಥವನ್ನು ಕೇಳಿಕೊಂಡು ಬೆರಗಾದನು. “ನಮ್ಮ ಸೀಮ್ಯಾಗ ಮಳೀಗೆ ಹೋಗು ಅಂತಾರೇನ್ರವ್ವಾ? ನಾವು ಹುಡುಗರಿದ್ದಾಗ ಗುರ್ಚಿ ಆಡಿ ಕರೀತಿದ್ವಿ,” ಎಂದನು.

ಗುರ್ಚಿಯನ್ನು ಅರಿಯದ ವಾಚಕರಿಗಾಗಿ ಹೇಳುವೆನು. ಮಳೆ ತಡವಾದಾಗ ಹುಡುಗರು ರೊಟ್ಟಿಯ ಹಂಚನ್ನು ಬೋರಲಾಗಿಸಿ, ಅದರ ಮೇಲೆ ಸೆಗಣಿಯ ಗೊಂಬೆಯನ್ನಿಟ್ಟು ಗರಿಕೆ ಸಿಕ್ಕಿಸಿ, ಒಬ್ಬನ ತಲೆಯ ಮೇಲೆ ಹೊರಿಸಿ, ಮಳೆಯನ್ನು ಕರೆಯುವ ಹಾಡನ್ನು ಹೇಳುತ್ತ ಮನೆಮನೆಗೆ ಹೋಗುವರು. ಮನೆಯ ಹೆಣ್ಣುಮಕ್ಕಳು ಕೊಡದಿಂದ ನೀರು ಸುರುವುವರು. ಹೊತ್ತವನು ಗಿರ್ರನೆ ತಿರುಗುವನು. ಅದು ಪ್ರಾಸವುಳ್ಳ, ಅಭಿನಯವುಳ್ಳ, ಅರ್ಥವು ಹೊಟ್ಟೆಯವರೆಗೆ ಮುಟ್ಟಿದ ಶಿಶುಘೋಷವು.

ಮುಂದಿನ ವಾರ ಆ ಶಿಕ್ಷಕಿಯು ವರ್ಗದಲ್ಲಿ ಒಬ್ಬ ಹುಡುಗನ ತಲೆಯ ಮೇಲೆ ಊಟದ ತಾಟನ್ನಿಟ್ಟು ಗುರ್ಚಿಯನ್ನು ಮಾಡಿದಳಂತೆ. ಇಂಗ್ಲಿಷ್ ಪದ್ಯದ ಧಾಟಿಯನ್ನು ಹಾಗೆಯೇ ಇರಿಸಿಕೊಂಡು, ಹೋಗು ಎಂಬ ಪದದ ಎಡೆಯಲ್ಲಿ ಬಾ ಎಂಬ ಇಂಗ್ಲಿಷ್ ಪದವನ್ನಿಟ್ಟು ಹಾಡಿಸಿದಳಂತೆ. ಒಂದು ಸಾಲು ಮಕ್ಕಳು ಮಳೆಯಾಗಿ ಬಂದರು; ಇನ್ನೊಂದು ಸಾಲು ಬೆಳೆ ತಿನ್ನುವ ಹಕ್ಕಿಗಳಾಗಿ ಹೋದರು. ಗದ್ದಲವು ಕೊಂಚ ಹೆಚ್ಚಾಯಿತೆಂದು ಆಕೆಯೇ ಹೇಳಿದಳು. ಆದರೆ ಎರಡು ಇಂಗ್ಲಿಷ್ ಪದಗಳು ಆ ದಿನ ನಲವತ್ತು ಮಕ್ಕಳ ಕಾಲುಗಳಿಗೆ ತಿಳಿದವು. ಕಾಲಿಗೆ ತಿಳಿದುದು ತಲೆಗೆ ಏರಲು ತಡವಾಗದು.

ಶ್ರಾವಣದ ಸಂತೆಯಲ್ಲಿ ಆ ಅಜ್ಜನು ಮತ್ತೆ ಭೇಟಿಯಾದನು. ಮೊಮ್ಮಗಳ ಓದನ್ನು ವಿಚಾರಿಸಿದೆನು. “ಮುಂಜಾನೆ ನಮ್ಮ ಕರಕ್ಕ ಇಂಗ್ಲಿಷನ್ಯಾಗ ಬಾ ಅಂತ ಕರದಳ್ರಿ,” ಎಂದು ನಕ್ಕನು. “ಕರ ಬರಲಿಲ್ಲ. 'ಇದಕ್ಕ ಇನ್ನೂ ತಿಳದಿಲ್ಲಜ್ಜಾ, ನಾ ಕಲಸ್ತೀನಿ' ಅಂದ್ಳು.”